ಇಳಿಯದ ಬಾವಿಯ ಪಾಳಿ

ಮೊದಲ ಸಲ ಆ ಕೂಗು ಕೇಳಿದಾಗ ಕೋಮಲಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿದ್ದಿತ್ತು.

ಅಥಣಿಯಿಂದ ಕಾಗವಾಡದ ಕಡೆ ಹೋಗುವ ರಸ್ತೆಯ ಬದಿಗೆ, ಕಬ್ಬಿನ ಹೊಲಗಳ ನಡುವೆ ಇರುವ ಕೃಷಿ ಕಾಲೇಜಿಗೆ ತೋಟಗಾರಿಕೆ ಕಲಿಸಲೆಂದು ಅವಳು ನಿಪ್ಪಾಣಿಯಿಂದ ಬಂದು ಒಂದು ವಾರವೂ ಆಗಿರಲಿಲ್ಲ. ಗ್ರಂಥಾಲಯದಲ್ಲಿ ಎಲ್ಲರೂ ತಲೆ ತಗ್ಗಿಸಿ ಓದುತ್ತಿದ್ದರು. ಗೋಡೆಯ ಮೇಲೆ ‘ಮಾತು ಬೇಡ’ ಎಂಬ ಫಲಕ. ಅದರ ಕೆಳಗೇ ಕಂಪ್ಯೂಟರಿನ ಮುಂದೆ ಕೂತಿದ್ದ ಮಣ್ಣುವಿಜ್ಞಾನದ ಹಿರಿಯ ಅಧ್ಯಾಪಕರೊಬ್ಬರು ಎದ್ದು ನಿಂತು, ಹೊಲದ ಬದುವಿನ ಮೇಲೆ ನಿಂತವರಂತೆ ಗಂಟಲೆತ್ತಿ, “ಬಿಟ್ಟೇನ್ರೀ!” ಎಂದರು. ಆಚೆ ಮೇಜಿನಿಂದ ಒಬ್ಬ ವಿದ್ಯಾರ್ಥಿನಿ ಅಷ್ಟೇ ಜೋರಾಗಿ, “ತಗೊಂಡೇನ್ರೀ!” ಎಂದಳು. ಉಳಿದವರು ಯಾರೂ ತಲೆ ಎತ್ತಲಿಲ್ಲ. ಫಲಕ ಬರೆಸಿ ಹಾಕಿದ್ದ ಗ್ರಂಥಪಾಲಕ ಬಸವಂತನೇ ತನ್ನ ಮೇಜಿನಲ್ಲಿ ಕೂತು, ಎಲ್ಲ ಸರಿಯಾಗಿದೆ ಎಂಬಂತೆ ತಲೆಯಾಡಿಸಿದ.

ಇದೆಂಥ ಗ್ರಂಥಾಲಯ ಎಂದುಕೊಂಡಳು ಕೋಮಲ. ಮರುದಿನವೇ ಅದರ ಬಿಸಿ ಅವಳಿಗೂ ತಟ್ಟಿತು.

ತನ್ನ ಕೋಣೆಯ ಕಂಪ್ಯೂಟರಿನಲ್ಲಿ ಒಂದು ಪ್ರಬಂಧ ತೆರೆದಿಟ್ಟು ಅವಳು ಪಾಠಕ್ಕೆ ಹೋಗಿದ್ದಳು. ಪಾಠದ ನಡುವೆ ಬಾಗಿಲಲ್ಲಿ ಬಸವಂತ ಬಂದು ನಿಂತ. ಎತ್ತರದ, ಕಪ್ಪನೆಯ ಮನುಷ್ಯ. ಬಿಳಿ ಅಂಗಿ, ಮಡಚಿದ ತೋಳು.

“ಬಾಯಾರ, ಒಂದ ಮಾತ. ನೀರ ಚಾಲೂ ಬಿಟ್ಟ ಬಂದೀರಿ.”

“ಇಲ್ರಿ, ನಾ ನಳ ಮುಟ್ಟೇ ಇಲ್ಲ.”

“ನಳದ್ದಲ್ರಿ. ಜರ್ನಲ್ ತಗದ ಇಟ್ಟ ಬಂದೀರಿ. ಅಲ್ಲಿ ಪಶುಸಂಗೋಪನಾದವ್ರು ಬಾಗಲಾ ಬಡ್ಯಾಕತ್ತಾರ.”

ಹುಡುಗರು ನಕ್ಕರು. ಕೋಮಲಳ ಮುಖ ಕೆಂಪಾಯಿತು. ಹೋಗಿ ಪರದೆ ಮುಚ್ಚಿ ಬಂದಳು. ಸಂಜೆ ಜಗಳ ಮಾಡಬೇಕೆಂದೇ ಗ್ರಂಥಾಲಯಕ್ಕೆ ಹೋದಳು. ಬಸವಂತ ಚಹಾ ತರಿಸಿದ. ಜಗಳ ಅಲ್ಲಿಗೇ ಮುಗಿಯಿತು, ಗೆಳೆತನ ಶುರುವಾಯಿತು. ಅದು ಒಂಬತ್ತು ವರ್ಷ ನಡೆಯಿತು.

ವಿಷಯ ಇಷ್ಟೇ. ಪರದೇಶದ ಒಂದು ದೊಡ್ಡ ಪ್ರಕಾಶನ ಸಂಸ್ಥೆಯ ನೂರಾರು ಕೃಷಿ ಜರ್ನಲ್‌ಗಳಿಗೆ ಕಾಲೇಜು ಚಂದಾ ಕಟ್ಟುತ್ತಿತ್ತು. ಕಾಗದದ ಸಂಚಿಕೆಗಳು ಬರುವುದು ಎಂದೋ ನಿಂತಿತ್ತು, ಎಲ್ಲವೂ ಕಂಪ್ಯೂಟರಿನಲ್ಲೇ. ಆದರೆ ಇವರದು ಸಣ್ಣ ಕಾಲೇಜಿನ ಸಣ್ಣ ಚಂದಾ. ಒಂದು ಸಲಕ್ಕೆ ನಾಲ್ಕು ಮಂದಿ ಮಾತ್ರ ಒಳಗಿರಬಹುದು. ಐದನೆಯವರು ಬಂದರೆ ಪರದೆಯ ಮೇಲೆ ಕ್ಷಮಿಸಿ ಎಂಬ ಒಂದು ಸಾಲು ಬರುತ್ತಿತ್ತು. ಒಳಗಿದ್ದವರು ಸರಿಯಾಗಿ ಮುಚ್ಚಿ ಹೊರಬರದಿದ್ದರೆ ಅವರ ಜಾಗ ಎಷ್ಟೋ ಹೊತ್ತು ಸುಮ್ಮನೆ ಹಿಡಿದುಕೊಂಡೇ ಇರುತ್ತಿತ್ತು. ಎಲ್ಲ ಕಾಲೇಜುಗಳಲ್ಲೂ ಇರುವ ತೊಂದರೆಯೇ ಇದು. ಉಳಿದ ಕಡೆ ಇದಕ್ಕೆ ಸೂಚನಾಪತ್ರ ಅಂಟಿಸುತ್ತಾರೆ. ಬಸವಂತ ಬಾವಿಯ ಪಾಳಿ ಹಾಕಿದ.

ಅವನ ಊರು ಅಲ್ಲೇ ಹತ್ತಿರದ ಅನಂತಪುರ. ಕುರಿ ಕಾಯುವ ಮನೆತನ. ಇದ್ದ ತುಂಡು ಹೊಲಕ್ಕೆ ಮೂರು ಮನೆಗಳ ಪಾಲಿನ ಒಂದು ಬಾವಿ. ತಂದೆ ಲಕ್ಷ್ಮಣ ವರ್ಷದ ಅರ್ಧ ಭಾಗ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದುದರಿಂದ ನೀರು ಹಾಯಿಸುವುದು ತಾಯಿ ಸತ್ತೆವ್ವನ ಪಾಲಿಗೆ. ತನ್ನ ಪಾಳಿ ಮುಗಿದವರು ಬದುವಿನ ಮೇಲೆ ನಿಂತು “ಬಿಟ್ಟೇನ್ರೀ” ಎಂದು ಕೂಗಬೇಕು. ಮುಂದಿನ ಹೊಲದವರು “ತಗೊಂಡೇನ್ರೀ” ಎಂದು ಓಗೊಡಬೇಕು. ಓಗೊಡುವ ತನಕ ನೀರು ತಿರುಗಿಸುವಂತಿಲ್ಲ. ತಿರುಗಿಸಿದರೆ ಅದು ಯಾರ ಹೊಲಕ್ಕೂ ಸಿಗದೆ ಹರಿದು ದಾರಿಗೆ ಸೇರುತ್ತದೆ. ಸತ್ತೆವ್ವನ ದನಿ ಮೂರು ಹೊಲ ದಾಟಿ ಹೋಗುತ್ತಿತ್ತಂತೆ.

“ನಮ್ಮವ್ವ ಕೂಗಿದ್ರ ಬಾವ್ಯಾಗಿನ ಪಾರಿವಾಳ ಎಲ್ಲಾ ಎದ್ದ ಹೋಗ್ತಿದ್ದೂ,” ಎಂದು ಬಸವಂತ ನಗುತ್ತಿದ್ದ. “ಈ ಲೈಬ್ರರಿಯಾಗ ಪಾರಿವಾಳ ಇಲ್ಲ. ಪ್ರೊಫೆಸರ್ ಅದಾರ.”

ಅಧ್ಯಾಪಕರು ಮೊದಲು ಹಾಸ್ಯ ಮಾಡಿದರು, ಆಮೇಲೆ ನಾಚಿದರು, ಕೊನೆಗೆ ಕೂಗತೊಡಗಿದರು. ಕಾಯುವವರು ಯಾರೂ ಇಲ್ಲದಾಗ ಬಸವಂತನೇ “ತಗೊಂಡೇನ್ರೀ” ಎನ್ನುತ್ತಿದ್ದ. ಯಾಕೆ ಎಂದು ಕೋಮಲ ಕೇಳಿದ್ದಳು. ಕೂಗಿದವರಿಗೆ ಓ ಅನ್ನಾಕ ಒಬ್ಬರರೆ ಇರಬೇಕ್ರಿ, ಎಂದಿದ್ದ. ಕೂಗದೇ ಉಳಿದವರೆಂದರೆ ಪ್ರಾಚಾರ್ಯ ಬಾಪುಸಾಹೇಬರು ಒಬ್ಬರೇ. ಗ್ರಂಥಾಲಯದ ಎದುರಿನ ತಮ್ಮ ಕೋಣೆಯಲ್ಲೇ ಓದಿ ಮುಗಿಸಿ ಫೋನ್ ಮಾಡುತ್ತಿದ್ದರು: “ಆತು ನಂದು.” ಆಗ ಬಸವಂತ ಎದ್ದು ನಿಂತು ಇಡೀ ಕೋಣೆಗೆ ಕೇಳುವಂತೆ, “ಸಾಹೇಬ್ರು ಬಿಟ್ಟಾರ್ರೀ!” ಎಂದು ಸಾರುತ್ತಿದ್ದ.

ಅವನಿಗೆ ಈ ಜರ್ನಲ್‌ಗಳ ಮೇಲೆ ಇದ್ದದ್ದು ಬರೀ ಕೆಲಸದ ಕಾಳಜಿಯಲ್ಲ. ಅದು ಬೆರಗು. ಚಂದಾ ಬಂದ ಮೊದಲ ದಿನಗಳಲ್ಲಿ, ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡೋಣವೆಂದು ಅವನು ಕುರಿಗಳ ಬಾಯಿಹುಣ್ಣಿನ ಹೆಸರು ಹಾಕಿ ಹುಡುಕಿದ್ದ. ಪರದೆಯ ಮೇಲೆ ಎಲ್ಲಿಯದೋ ಹಿಮದ ಗುಡ್ಡದ ಒಂದು ಕುರಿಯ ಚಿತ್ರ ಬಂತು. ತುಟಿಯ ಮೇಲೆ ಹುಣ್ಣು. ಚಿಕ್ಕವನಿದ್ದಾಗ ತಾನು ತೊಡೆಯ ಮೇಲೆ ಹಿಡಿದುಕೊಂಡು, ಅಪ್ಪ ಬೇವಿನೆಣ್ಣೆ ಹಚ್ಚುತ್ತಿದ್ದ ಅದೇ ಹುಣ್ಣು, ಅದೇ ಜಾಗದಲ್ಲಿ. ಆ ದಿನ ಅವನು ಊಟಕ್ಕೂ ಏಳಲಿಲ್ಲವಂತೆ. ಆ ಪುಟದ ಒಂದು ಪ್ರತಿ ತೆಗೆದು ಮನೆಗೆ ಒಯ್ದು ಅಪ್ಪನಿಗೆ ತೋರಿಸಿದ. ಲಕ್ಷ್ಮಣ ಬಹಳ ಹೊತ್ತು ಚಿತ್ರ ನೋಡಿ ಕೇಳಿದನಂತೆ:

“ಅಲ್ಲಿ ಕುರಿಗೂ ಹಿಂಗ ಆಕ್ಕೈತೇನ್ಲೇ?”

“ಆಕ್ಕೈತಪಾ.”

“ಅಂದ್ರ ಅಲ್ಲಿ ಮಂದೀನೂ ನಮ್ಮಂಗ ಹೊಲದಾಗ ಕುರಿ ಜೋಡಿ ಮಲಗತಾರ. ಇಲ್ಲಂದ್ರ ಇಷ್ಟ ಹತ್ತರಿಂದ ಯಾರ ನೋಡ್ಯಾರ?”

ಈ ಮಾತನ್ನು ಬಸವಂತ ಮತ್ತೆ ಮತ್ತೆ ಹೇಳುತ್ತಿದ್ದ.  ಕೋಮಲ ಪಿಎಚ್‌ಡಿ ಮಾಡುವಾಗ ಇಂಥ ಪುಟಗಳನ್ನು ರಾಶಿರಾಶಿಯಾಗಿ ತಿರುವಿಹಾಕಿದ್ದಳು. ಅವುಗಳ ಹಿಂದೆ ಹೊಲದಲ್ಲಿ ಮಲಗಿದ ಮನುಷ್ಯರಿದ್ದಾರೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಆ ಬೆರಗಿನಿಂದಲೇ ಹುಟ್ಟಿದ್ದು ಹೊರಗಿನವರ ಖುರ್ಚಿ. ಚಂದಾದ ಕರಾರಿನಲ್ಲಿ, ಗ್ರಂಥಾಲಯದ ಒಳಗೆ ಬಂದು ಕೂತು ಓದುವವರು ಯಾರೇ ಆಗಿರಲಿ, ಅವರಿಗೂ ಅಲ್ಲಿಯ ಕಂಪ್ಯೂಟರಿನಲ್ಲಿ ಓದಲು ಅವಕಾಶವಿದೆ ಎಂಬ ಮಾತಿತ್ತು. ಬಹಳ ಕಾಲೇಜುಗಳ ಕರಾರಿನಲ್ಲಿ ಇರುವ ಮಾತೇ. ಬಸವಂತ ಅದನ್ನು ನಿಜವೆಂದು ನಂಬಿದ, ಅಷ್ಟೇ. ಪ್ರತಿ ಶನಿವಾರ ನಾಲ್ಕರಲ್ಲಿ ಒಂದು ಪಾಳಿ ಹೊರಗಿನವರಿಗೆ ಎಂದು ಇಟ್ಟ. ಕಿಟಕಿಯ ಪಕ್ಕ ಒಂದು ಕಟ್ಟಿಗೆಯ ಖುರ್ಚಿ, ಒಂದು ಹಳೆಯ ಕಂಪ್ಯೂಟರ್. ದ್ರಾಕ್ಷಿ ಬೆಳೆಗಾರರು ಬಂದರು, ಕುರಿಗಾರರು ಬಂದರು, ಡೈರಿಯವರು ಬಂದರು. ಕೆಲವರು ಬರೀ ಚಿತ್ರ ನೋಡಿ ಹೋದರು. ಶಾಲೆ ಕಲಿತ ಮಗಳನ್ನು ಜೊತೆಗೆ ಕರೆತಂದು ಓದಿಸಿಕೊಂಡವರೂ ಇದ್ದರು.

ಬಾಪುಸಾಹೇಬರಿಗೆ ಆ ಖುರ್ಚಿ ಮೊದಲಿನಿಂದಲೂ ಸರಿಬರಲಿಲ್ಲ. ಕೆಟ್ಟವರಲ್ಲ; ಆಡಳಿತ ಮಂಡಳಿಗೆ ಉತ್ತರ ಹೇಳಬೇಕಾದವರು. “ಏನರೆ ಹೆಚ್ಚು ಕಡಿಮಿ ಆತಂದ್ರ ಆ ಖುರ್ಚಿ ಹೊರಗ ಹೋಗ್ತೈತಿ ನೋಡು, ಬಸವಂತ,” ಎಂದು ಮೊದಲೇ ಹೇಳಿಟ್ಟಿದ್ದರು.

ಹೆಚ್ಚು ಕಡಿಮೆ ಆದದ್ದು ಮಂಗಸೂಳಿಯ ಬಾಳಾಸಾಬನಿಂದ.

ಬಾಳಾಸಾಬ ದ್ರಾಕ್ಷಿ ತೋಟದವನು. ಐವತ್ತು ದಾಟಿದ, ತಲೆಗೆ ಬಿಳಿ ಟೋಪಿ ಹಾಕುವ, ಅರ್ಧ ಮಾತು ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ಆಡುವ ಮನುಷ್ಯ. ಅವನ ತೋಟದಲ್ಲಿ ಎಲೆಗಳ ಅಂಚು ಸುಟ್ಟಂತಾಗಿ ಬಳ್ಳಿಗಳು ಒಂದೊಂದಾಗಿ ಸೊರಗುತ್ತಿದ್ದವು. ಔಷಧದ ಅಂಗಡಿಯವರು ಕೊಟ್ಟದ್ದನ್ನೆಲ್ಲ ಹೊಡೆದು ಸುಸ್ತಾಗಿದ್ದ. ಶನಿವಾರ ಬಂದ. ಬಸವಂತ ಅವನಿಗೆ ಬಾವಿಯ ಲೆಕ್ಕದಲ್ಲೇ ತಿಳಿಸಿ ಹೇಳಿದ: ಇದು ನಿನ್ನ ಪಾಳಿ, ಮುಗಿದ ಮೇಲೆ ಕೂಗು. ದ್ರಾಕ್ಷಿಯ ಜರ್ನಲ್ ತೆಗೆದುಕೊಟ್ಟು, ಒಂದು ಪ್ರಬಂಧ ಉಳಿಸಿಕೊಳ್ಳುವುದು ಹೇಗೆಂದು ತೋರಿಸಿದ. ಅಷ್ಟರಲ್ಲಿ ಪರೀಕ್ಷೆಯ ಕೆಲಸಕ್ಕೆ ಕರೆ ಬಂದು ಎದ್ದು ಹೋದ.

ಸೋಮವಾರ ಬೆಳಿಗ್ಗೆ ಕೋಮಲ ಕಂಪ್ಯೂಟರ್ ತೆರೆದಾಗ ಜರ್ನಲ್‌ಗಳ ಬಾಗಿಲು ಮುಚ್ಚಿತ್ತು. ಯಾರು ತೆರೆದರೂ ಅದೇ. ನಿಮ್ಮ ಸಂಸ್ಥೆಯಿಂದ ಯಂತ್ರದ ಮೂಲಕ ಸಾಮೂಹಿಕ ನಕಲು ನಡೆದಿದೆ, ವಿಚಾರಣೆ ಮುಗಿಯುವ ತನಕ ಇಡೀ ಕಾಲೇಜಿನ ಪ್ರವೇಶ ತಡೆಹಿಡಿಯಲಾಗಿದೆ ಎಂಬ ಸೂಚನೆ. ವಿದ್ಯಾರ್ಥಿಗಳು ಪ್ರಬಂಧ ಒಪ್ಪಿಸುವ ದಿನಗಳವು. ಬಾಪುಸಾಹೇಬರು ತಾವೇ ಎದ್ದು ಗ್ರಂಥಾಲಯಕ್ಕೆ ಬಂದರು.

“ಎಲ್ಲಿಂದ ಆತು ಇದು?”

“ಹೊರಗಿನ ಖುರ್ಚಿಯಿಂದ್ರಿ,” ಎಂದ ಬಸವಂತ. ಮುಚ್ಚಿಡುವ ಯೋಚನೆಯೇ ಅವನಿಗೆ ಬರಲಿಲ್ಲ.

“ಮುಗೀತಲ್ಲ. ಬಾಗಲಾ ತೆಗಸು. ಆಮ್ಯಾಲ ಆ ಖುರ್ಚಿ ಗೋದಾಮಿಗೆ ಹಾಕಸು.”

ಬಸವಂತ ಫೋನ್ ಮಾಡಿದ ಮೇಲೆ ಬಾಳಾಸಾಬ ಮೋಟಾರ್‌ಸೈಕಲ್ ಮೇಲೆ ಓಡಿ ಬಂದ. ಅಂಗಿಯ ಜೇಬಿನಿಂದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟ. ಅದರ ತುಂಬ ಪ್ರಬಂಧಗಳು. ದ್ರಾಕ್ಷಿಯವಷ್ಟೇ ಅಲ್ಲ, ದಾಳಿಂಬೆ, ನಿಂಬೆ, ಪರದೇಶದ ಯಾವುದೋ ಸೇಬು.

“ಇದೇನ ಮಾಡಿ ಇಟ್ಟೀಯೋ ಮಾರಾಯಾ?” ಎಂದ ಬಸವಂತ.

“ಏನ ಮಾಡ್ಲೆಪಾ? ಪಾಳಿ ಅಂತ ನೀವ ಅಂದ್ರಿ. ಪಾಳಿ ಬಂದಾಗ ಹೊಂಡ ತುಂಬಿಸ್ಕೊಳ್ಳೂದ ಬಿಟ್ಟು ಕೈಕಟ್ಟಿ ಕೂಡ್ರಂದ್ರ ಹೆಂಗ? ಮುಂದಿನ ಪಾಳಿ ಯಾವಾಗೋ ಏನೋ.” ಆಮೇಲೆ ದನಿ ತಗ್ಗಿಸಿದ. “ಯಾವದ್ರಾಗ ನನ್ನ ಬಳ್ಳೀದ ಬರದಾರೋ ನನಗೇನ ತಿಳೀತೈತಿ? ಅದಕ್ಕ ಎಲ್ಲಾನೂ ತಗೊಂಡೆ.”

ಕೋಮಲ ಅಲ್ಲೇ ಇದ್ದಳು. ದ್ರಾಕ್ಷಿ ಕಲಿಸುವವಳು ತಾನು ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಇದ್ದೆ, ಈ ಮನುಷ್ಯ ಓದಲಾಗದ ಪುಟಗಳನ್ನು ಕೆಳಗೆ ರಾಶಿ ಹಾಕುತ್ತಿದ್ದ ಎಂಬುದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದಳು. ಆಗ ಮಾತ್ರ ಬಸವಂತನ ಮುಖವನ್ನೇ ನೋಡುತ್ತಿದ್ದಳು. ಅವನು ಸಿಟ್ಟಾಗಲಿಲ್ಲ.

“ತಪ್ಪ ನಂದ. ನಾ ಬಾವಿ ಅಂದೆ, ಅರ್ಧಾ ಹೇಳಿ ಬಿಟ್ಟ ಹೋದೆ.”

ಪ್ರಕಾಶನ ಸಂಸ್ಥೆಯ ಪರವಾಗಿ ಪುಣೆಯಿಂದ ನೀಲಮ ಎಂಬ ಅಧಿಕಾರಿಣಿ ವಿಡಿಯೊ ಕರೆಯಲ್ಲಿ ಬಂದಳು. ಚುರುಕು ಮಾತಿನ ಹೆಂಗಸು. ಅವಳ ವಾದ ಸ್ಪಷ್ಟವಾಗಿತ್ತು: ಇಷ್ಟು ವೇಗವಾಗಿ ಮನುಷ್ಯನ ಕೈ ಓಡುವುದಿಲ್ಲ. ಇದು ನಕಲು ಮಾಡುವ ತಂತ್ರಾಂಶದ ಕೆಲಸ. ಅದನ್ನು ಹಾಕಿದ್ದು ಯಾರು ಎಂದು ಹೇಳಿ, ಹೊರಗಿನವರಿಗೆ ಕೊಟ್ಟ ಅವಕಾಶ ರದ್ದು ಮಾಡಿ, ಬಾಗಿಲು ತೆರೆಯುತ್ತೇವೆ.

“ಮೇಡಂ, ತಂತ್ರಾಂಶ ಇಲ್ಲೇ ಕುಂತೈತ್ರಿ,” ಎಂದು ಬಸವಂತ ಬಾಳಾಸಾಬನನ್ನು ಮುಂದೆ ತಂದ.

ನೀಲಮ ನಂಬಲಿಲ್ಲ. ಅವನು ಇಂಗ್ಲಿಷ್ ಓದಬಲ್ಲನೇ ಎಂದು ಕೇಳಿದಳು. ಇಲ್ಲ ಎಂದಾಗ ನಕ್ಕೇಬಿಟ್ಟಳು. ಬಾಪುಸಾಹೇಬರು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಖುರ್ಚಿ ಹೋಯಿತು ಎಂದೇ ಕೋಮಲ ಅಂದುಕೊಂಡಳು.

“ಪರೀಕ್ಷಾಕ್ಕ ಒಂದ ಸಂಚಿಕಿ ತಗದ ಕೊಡ್ರಿ,” ಎಂದ ಬಸವಂತ. “ಆಮ್ಯಾಲ ನೀವ ಏನ ಹೇಳಿದ್ರೂ ಕೇಳ್ತೇವಿ.”

ನೀಲಮ ತನ್ನ ಕಡೆಯಿಂದ ಎಲ್ಲರಿಗೂ ತೆರೆದಿರುವ ಒಂದು ಹಳೆಯ ಸಂಚಿಕೆಯನ್ನು ತೆರೆದು ಕೊಟ್ಟಳು. ಬಾಳಾಸಾಬ ಟೋಪಿ ತೆಗೆದು ತೊಡೆಯ ಮೇಲಿಟ್ಟು, ಮೌಸ್ ಹಿಡಿದ. ಆಮೇಲೆ ಆದದ್ದನ್ನು ಕೋಮಲ ಎಂದೂ ಮರೆಯಲಾರಳು. ದ್ರಾಕ್ಷಿ ಗೊನೆಯಲ್ಲಿ ಕಾಳು ಒತ್ತೊತ್ತಾಗಿ ಕಟ್ಟಿದಾಗ ಸಣ್ಣ ಕತ್ತರಿಯಿಂದ ಹೆಚ್ಚಿನ ಕಾಳು ಉದುರಿಸುತ್ತಾರೆ. ಸಾವಿರಾರು ಗೊನೆ, ಒಂದೊಂದು ಗೊನೆಯಲ್ಲೂ ಕೈ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಬೆರಳಿಗೇ ಗೊತ್ತಿರಬೇಕು. ಆ ಬೆರಳುಗಳು ಈಗ ಮೌಸಿನ ಮೇಲಿದ್ದವು. ಅಕ್ಷರ ಅವನಿಗೆ ಬೇಕಾಗಿಯೇ ಇರಲಿಲ್ಲ. ಇಳಿಸಿಕೊಳ್ಳುವ ಬಾಣದ ಗುರುತು ಪುಟದ ಯಾವ ಮೂಲೆಯಲ್ಲಿದೆ ಎಂಬುದಷ್ಟೇ ಸಾಕು. ಟಕ್, ಟಕ್, ಟಕ್. ಕಣ್ಣು ಪರದೆಯ ಮೇಲೆ, ಕೈ ತನ್ನ ಪಾಡಿಗೆ ತಾನು. ಹಳೆಯ ಕಂಪ್ಯೂಟರೇ ಅವನ ಹಿಂದೆ ಓಡಲಾರದೆ ನಿಂತು ನಿಂತು ಬರುತ್ತಿತ್ತು.

ಪುಣೆಯ ಪರದೆಯಲ್ಲಿ ನೀಲಮಳ ಬಾಯಿ ತೆರೆದೇ ಇತ್ತು. “ಕಾಕಾ, ಥಾಂಬಾ! ಪುರೇ, ಪುರೇ!” ಎಂದಳು ಕೊನೆಗೆ, ಮರಾಠಿಯಲ್ಲಿ: ನಿಲ್ಲಿಸಿ, ಸಾಕು ಸಾಕು ಎಂದು.

“ಬಸ್ ಕಾ?” ಎಂದ ಬಾಳಾಸಾಬ, ನಿಲ್ಲಿಸಲು ಮನಸ್ಸಿಲ್ಲದವನಂತೆ. “ಆತ್ತಾಚ್ ತರ್ ಹಾತ್ ಗರಮ್ ಝಾಲಾಯ್.” ಸಾಕೇ, ಈಗಷ್ಟೇ ಕೈ ಬಿಸಿಯಾಗಿದೆ ಎಂದು.

ಬಾಗಿಲ ಹತ್ತಿರ ಯಾರೋ ಜೋರಾಗಿ ನಕ್ಕರು. ತಿರುಗಿ ನೋಡಿದರೆ ಬಾಪುಸಾಹೇಬರು.

ನೀಲಮ ತನ್ನವರೊಂದಿಗೆ ಮಾತನಾಡಿ ಬಂದಳು. ಯಂತ್ರವಲ್ಲ ಎಂದು ಬರೆದುಕೊಳ್ಳುತ್ತೇನೆ. ಮನುಷ್ಯ ಕೂತು ಓದುವುದಕ್ಕೆ ಕರಾರಿನಲ್ಲಿ ಅಡ್ಡಿಯಿಲ್ಲ. ಆದರೆ ತೆಗೆದುಕೊಂಡದ್ದೆಲ್ಲ ಅಳಿಸಬೇಕು, ಮುಂದೆ ಪಕ್ಕದಲ್ಲಿ ಒಬ್ಬರು ಕೂತಿರಬೇಕು.

ಅಳಿಸಬೇಕು ಎಂದಾಗ ಬಾಳಾಸಾಬ ಪೆನ್ ಡ್ರೈವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. ನಗು ಹೋಯಿತು.

“ತುಂಬಿದ ಹೊಂಡ ಒಡೀರಿ ಅಂದಂಗ ಆತಲ್ರಿ. ನನ್ನ ತ್ವಾಟ ಒಣಗಾಕತ್ತೈತಿ.”

ಬಸವಂತ ಅವನ ಮುಂದೆ ಒಂದು ಸ್ಟೂಲ್ ಎಳೆದುಕೊಂಡು ಕೂತ. “ಬಾಳಾಸಾಬ, ಆಗ ಬಿಟ್ಟಿದ್ದ ಅರ್ಧಾ ಈಗ ಹೇಳ್ತೇನಿ ಕೇಳು. ಈ ಬಾವಿ ಇಳ್ಯಾಂಗಿಲ್ಲ. ನೀ ಸೇದು, ನಾ ಸೇದ್ತೇನಿ, ಇಡೀ ಮಂಗಸೂಳಿ ಬಂದ ಸೇದಲಿ. ಒಂದ ಹನಿ ಕಡಿಮಿ ಆಗಾಂಗಿಲ್ಲ. ನಮಗ ಹಗ್ಗ ನಾಕ ಕೊಟ್ಟಾರ, ಅದಕ್ಕ ಪಾಳಿ. ನೀರ ಕಡಿಮಿ ಅಂತಲ್ಲ.”

“ಇಳ್ಯಾಂಗಿಲ್ಲ ಅಂದ್ರ? ನಾಳಿ ಬಂದ್ರೂ ಇರ್ತೈತಿ?”

“ಇರ್ತೈತಿ.”

“ಬ್ಯಾಸಗ್ಯಾಗ?”

“ಬ್ಯಾಸಗ್ಯಾಗೂ ಇರ್ತೈತಿ. ಸಾಹೇಬ್ರು ಚಂದಾ ಕಟ್ಟೂತನಾ ಇರ್ತೈತಿ.”

ಬಾಳಾಸಾಬ ಪರದೆಯ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಹುಟ್ಟಿದಾಗಿನಿಂದ ನೀರು ಇಳಿಯುವುದನ್ನೇ ನೋಡಿದ ಮನುಷ್ಯ. ಮೋಟಾರು ಹಾಕಿದರೆ ಇಳಿಯುತ್ತದೆ, ಪಕ್ಕದವನು ಕೊಳವೆಬಾವಿ ಕೊರೆದರೆ ಇಳಿಯುತ್ತದೆ, ಫಾಲ್ಗುಣ ಬಂದರೆ ತಾನಾಗಿಯೇ ಇಳಿಯುತ್ತದೆ. ಎಲ್ಲರೂ ತೆಗೆದುಕೊಂಡ ಮೇಲೂ ಹಾಗೇ ಉಳಿಯುವ ಒಂದು ವಸ್ತು ಲೋಕದಲ್ಲಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದನ್ನು ಹೇಳುವಾಗ ಬಸವಂತನ ಮುಖದಲ್ಲಿ, ಆ ಕುರಿಯ ಚಿತ್ರ ನೋಡಿದ ದಿನ ಇದ್ದಿರಬಹುದಾದ ಬೆಳಕು ಇತ್ತು.  ಈ ಬಾವಿ ಇಳಿಯುವುದಿಲ್ಲ ಎಂಬುದು ಕೋಮಲಳಿಗೂ ಗೊತ್ತಿದ್ದ ಸಂಗತಿಯೇ. ಗೊತ್ತಿತ್ತು, ಕಂಡಿರಲಿಲ್ಲ.

“ಮತ್ತ ಹೊಂಡ ಯಾಕ ಬೇಕು?” ಎಂದು ಬಾಳಾಸಾಬ ತಾನೇ ಪೆನ್ ಡ್ರೈವ್ ಕೊಟ್ಟ.

ಜರ್ನಲ್‌ಗಳ ಬಾಗಿಲು ತೆರೆಯಿತು. ಬಾಪುಸಾಹೇಬರು ಹೋಗುವಾಗ ಹೇಳಿದರು: “ಇರಲಿ ಖುರ್ಚಿ. ಆದ್ರ ಬಸವಂತ, ಜವಾಬ್ದಾರಿ ನಿಂದು. ನೀ ಇರೂತನಾ ಅಷ್ಟ.”

ಮುಂದಿನ ಶನಿವಾರದಿಂದ ಕೋಮಲಳೂ ಆ ಖುರ್ಚಿಯ ಪಕ್ಕ ಕೂರತೊಡಗಿದಳು. ಬಾಳಾಸಾಬನ ಬಳ್ಳಿಗೆ ಉತ್ತರ ಸಿಕ್ಕಿದ್ದು ಕಡಲಾಚೆಯ ಒಂದು ಒಣ ಸೀಮೆಯ ಪ್ರಬಂಧದಲ್ಲಿ. ರೋಗವಲ್ಲ, ಕೊಳವೆಬಾವಿಯ ನೀರಿನ ಉಪ್ಪು. ಬಸವಂತ ಹುಡುಕಿದ, ಕೋಮಲ ಕನ್ನಡದಲ್ಲಿ ಬಿಡಿಸಿ ಹೇಳಿದಳು, ಬಾಳಾಸಾಬ ಮಧ್ಯೆ ಮಧ್ಯೆ “ಹಾಂ, ಹಾಂ, ಹಂಗ ಆಗೇತಿ” ಎನ್ನುತ್ತ, ಆ ದೇಶದವರು ತನ್ನ ತೋಟಕ್ಕೆ ಯಾವಾಗ ಬಂದು ಹೋದರೆಂದು ಕೇಳಿದ. ಎಲ್ಲ ಬಳ್ಳಿಗಳು ಉಳಿಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಉಳಿದವು. ಹೊಸ ಬಳ್ಳಿ ನೆಡುವಾಗ ಉಪ್ಪು ತಡೆಯುವ ಬೇರಿನ ಮೇಲೆ ಕಸಿ ಮಾಡಿದ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ ಬಸವಂತ ಕಾಲೇಜಿನಿಂದ ಮನೆಗೆ ಹೊರಟ. ದಾರಿಯಲ್ಲಿ ಎದೆ ಹಿಡಿದುಕೊಂಡಂತಾಗಿ ಬೈಕನ್ನು ರಸ್ತೆಯ ಬದಿಗೆ ಸರಿಯಾಗಿ ನಿಲ್ಲಿಸಿ, ಬೇವಿನ ಗಿಡದ ಕೆಳಗೆ ಕೂತಿದ್ದಾನೆ. ಕೀಲಿಕೈ ತೆಗೆದು ಜೇಬಿನಲ್ಲಿ ಹಾಕಿಕೊಂಡಿದ್ದ. ಹಾದುಹೋಗುವವರು ಮಲಗಿದ್ದಾನೆಂದುಕೊಂಡರು. ಅನಂತಪುರದ ಹೊಲದಲ್ಲಿ, ಆ ಮೂರು ಪಾಲಿನ ಬಾವಿಯ ಹತ್ತಿರವೇ ಮಣ್ಣು ಮಾಡಿದರು. ಸತ್ತೆವ್ವ ಇನ್ನೂ ಇದ್ದಾಳೆ. ಅಂದು ಅವಳ ಗಂಟಲಿನಿಂದ ದನಿ ಹೊರಡಲೇ ಇಲ್ಲ.

ಅದಾದ ಮೇಲಿನ ಶನಿವಾರ ಕೋಮಲ ಗ್ರಂಥಾಲಯಕ್ಕೆ ಬಂದಾಗ ಹೊರಗಿನವರ ಖುರ್ಚಿ ಮೇಜಿನ ಮುಂದೆ ಇರಲಿಲ್ಲ. ಯಾರೋ ಎತ್ತಿ ಗೋಡೆಗೆ ಒರಗಿಸಿಟ್ಟಿದ್ದರು. ನೀ ಇರೂತನಾ ಅಷ್ಟ ಎಂಬ ಮಾತು ಅವಳಿಗೆ ನೆನಪಾಯಿತು. ಸ್ವಲ್ಪ ಹೊತ್ತಿಗೆ ಬಾಳಾಸಾಬ ಬಂದ. ಜೊತೆಗೆ ಕೊಕಟನೂರಿನ ಒಬ್ಬ ಕುರಿಗಾರ. ಇಬ್ಬರೂ ಬಾಗಿಲಲ್ಲೇ ನಿಂತು ಗೋಡೆಯ ಕಡೆ ನೋಡಿದರು.

“ಹೋಗೂಣೇನ್ರಿ ಬಾಯಾರ?” ಎಂದ ಬಾಳಾಸಾಬ ಮೆಲ್ಲಗೆ.

ಕೋಮಲ ಯಾರನ್ನೂ ಕೇಳಲಿಲ್ಲ. ಖುರ್ಚಿಯನ್ನು ಎತ್ತಿ ತಂದು ಮೇಜಿನ ಮುಂದೆ ಹಾಕಿದಳು. “ಕೂಡ್ರಿ. ಏನ ಹುಡಕೂದೈತಿ ಹೇಳ್ರಿ.”

ಬಾಳಾಸಾಬ ಹೊಸ ಕಸಿಯ ಬಗ್ಗೆ ಏನೋ ಕೇಳಿದ. ಇಬ್ಬರೂ ಹುಡುಕಿದರು, ಓದಿದರು.   ಓದಿ ಮುಗಿದ ಮೇಲೆ ಬಾಳಾಸಾಬ ಸರಿಯಾಗಿ ಮುಚ್ಚಿ ಹೊರಬಂದ. ಎದ್ದು ನಿಂತ, ಟೋಪಿ ಸರಿಮಾಡಿಕೊಂಡ. ಕೂಗಲೋ ಬೇಡವೋ ಎಂದು ಅವಳ ಮುಖ ನೋಡಿದ. ಆಮೇಲೆ ಕೂಗಿಯೇಬಿಟ್ಟ.

“ಬಿಟ್ಟೇನ್ರೀ!”

ಕೊಕಟನೂರಿನವನು ಹೊಸಬ, ಅವನಿಗೆ ಈ ರೀತಿ ಗೊತ್ತಿಲ್ಲ. ಓದುತ್ತಿದ್ದವರೆಲ್ಲ ಈ ಸಲ ತಲೆ ಎತ್ತಿದರು, ಎತ್ತಿ ಬಸವಂತನ ಖಾಲಿ ಮೇಜಿನ ಕಡೆ ನೋಡಿದರು. ಕೋಮಲಳೂ ಅತ್ತಲೇ ತಿರುಗಿದಳು.

ಎದುರಿನ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಕೂಗಿ ರೂಢಿಯಿಲ್ಲದ, ಒಡೆದ, ಆದರೆ ಮೂರು ಹೊಲ ದಾಟಬಹುದಾದಷ್ಟು ದೊಡ್ಡ ದನಿಯೊಂದು ಒಳಗೆ ಬಂತು.

“ತಗೊಂಡೇವ್ರೀ!”

ಬಾಪುಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಕುರಿಗಾರನ ಕಡೆ ಕೈ ತೋರಿಸಿ, “ಯಾಕ ನಿಂತಿ? ಕೂಡ್ರು. ನಿನ್ನ ಪಾಳಿ,” ಎಂದರು.